ಮೂರು ಮೀಟರು ಒಂದೇ ಸಂಖ್ಯೆಗೆ ನಿಂತವು: ಟೂಲ್ ಶುರುವಾಗುವಾಗಲೇ ಪ್ಯಾಕೇಜ್ ಜಗಳ ಹಿಡಿಯೋದು ಹೇಗೆ?

ಪೀಣ್ಯ_ಪಾಳಿ:

ಸ್ವಲ್ಪ ಉದ್ದ ಇದೆ. ಕಾಫಿ ಇಟ್ಟುಕೊಂಡೇ ಓದಿ.

ಪೀಣ್ಯದಲ್ಲಿ ಕರೆಂಟ್ ಮೀಟರ್ ಟೆಸ್ಟ್ ಮಾಡುವ ಒಂದು ಸಣ್ಣ ಜಾಗದಲ್ಲಿ ನನ್ನ ಕೆಲಸ. ಹನ್ನೊಂದು ಟೆಸ್ಟ್ ಬೆಂಚುಗಳು, ಒಂದೊಂದಕ್ಕೂ ಒಂದು ಉಬುಂಟು 22.04 ಕಂಪ್ಯೂಟರ್. ಅವುಗಳಲ್ಲಿ ಓಡುವ ‘ಅಳತೆ’ ಅನ್ನೋ ಕಮಾಂಡ್ ಲೈನ್ ಟೂಲ್ ಬರೆದವಳು ನಾನೇ. ಪೈಥಾನ್‌ನಲ್ಲಿದೆ. ಮೀಟರಿನ ಮೇಲೆ ಕೆಂಪು ಲೈಟು ಮಿಣುಕುತ್ತಲ್ಲ, ಒಂದು ಮಿಣುಕಿಗೆ ಒಂದು ಪಲ್ಸ್. ನಮ್ಮಲ್ಲಿಗೆ ಬರುವ ಮೀಟರುಗಳಲ್ಲಿ 3200 ಪಲ್ಸ್ ಆದರೆ ಒಂದು ಯೂನಿಟ್. ಟೂಲ್ ಆ ಪಲ್ಸ್ ಎಣಿಸಿ, ಯೂನಿಟ್ ಲೆಕ್ಕ ಹಾಕಿ, ವರದಿ ಬರೆಯುತ್ತದೆ. ಇನ್ನೇನೂ ಮಾಡುವುದಿಲ್ಲ.

ಹೋದ ತಿಂಗಳು ಒಂದು ಬುಧವಾರ. ಬನಶಂಕರಿಯಲ್ಲಿ ಮೆಟ್ರೊ ಹತ್ತಿದ್ದೆ. ಮೊದಲ ಪಾಳಿಯ ಹುಡುಗ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ. ‘ಮೇಡಂ, ಲೈಟು ಮಿಣುಕ್ತಾ ಇದೆ, ಲೆಕ್ಕ ಮುಂದಕ್ಕೆ ಹೋಗ್ತಿಲ್ಲ.’ ಐದು ದಿನ ಸತತ ಓಡುವ ಟೆಸ್ಟ್ ಅದು. ಬೆಂಚಿನ ಮೇಲೆ ಮೂರು ಮೀಟರು. ಪರದೆಯಲ್ಲಿ ಮೂರರ ಮುಂದೆಯೂ 5242.88.

ಮೊದಲು ಅನ್ನಿಸಿದ್ದು ಸೆನ್ಸರ್ ಕೇಬಲ್ ಸಡಿಲ ಆಗಿದೆ ಅಂತ. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಸಲ ಅದೇ ಆಗಿರುತ್ತೆ. ಆದರೆ ಮೂರು ಬೇರೆ ಬೇರೆ ಮೀಟರುಗಳು ಪಾಯಿಂಟ್ ಆದಮೇಲಿನ ಎರಡು ಅಂಕಿಯವರೆಗೂ ಒಂದೇ ಕಡೆ ನಿಲ್ಲೋಕೆ ಸಾಧ್ಯವಾ? ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್ ಬರುವಷ್ಟರಲ್ಲಿ ಫೋನಿನ ಕ್ಯಾಲ್ಕುಲೇಟರ್ ತೆಗೆದೆ. 5242.88 ಗುಣಿಸು 3200. ಬಂದಿದ್ದು 16777216. ಎರಡನ್ನು ಇಪ್ಪತ್ತನಾಲ್ಕು ಸಲ ಗುಣಿಸಿದರೆ ಬರುವ ಸಂಖ್ಯೆ. ನಿಂತಲ್ಲೇ ಬೆವರಿತು.

ಗೊತ್ತಿಲ್ಲದವರಿಗೆ: 32 ಬಿಟ್ ಫ್ಲೋಟ್ (ದಶಮಾಂಶ ಸಂಖ್ಯೆ ಇಡುವ ಒಂದು ರೂಪ) ಒಂದೊಂದಾಗಿ ತಪ್ಪಿಲ್ಲದೆ ಎಣಿಸುವುದು ಅಲ್ಲಿಯವರೆಗೆ ಮಾತ್ರ. 16777216ಕ್ಕೆ ಒಂದು ಕೂಡಿಸಿದರೆ ಮತ್ತೆ 16777216. ಕೂಡಿಸಿದ ಒಂದನ್ನು ಅದು ನುಂಗಿಬಿಡುತ್ತದೆ.

ಆದರೆ ಇದೇ ಕೋಡ್ ಎರಡು ವರ್ಷದಿಂದ ಓಡುತ್ತಿದೆ. ಇದೇ ಐದು ದಿನದ ಟೆಸ್ಟ್ ಎಷ್ಟೋ ಸಲ ಆಗಿದೆ. ಇನ್ನೂ ವಿಚಿತ್ರ ಅಂದರೆ ಸಂಜೆ ಪಾಳಿಯ ಇಂಜಿನಿಯರ್ ಅದೇ ಲಾಗ್ ಫೈಲ್ ಮೇಲೆ ಅದೇ ಕಮಾಂಡ್ ಓಡಿಸಿದರೆ ಲೆಕ್ಕ ಸರಿ ಬರುತ್ತಿತ್ತು. ಅವರು ಅಭ್ಯಾಸಬಲದಿಂದ ಎಲ್ಲದರ ಮುಂದೆಯೂ ಸೂಡೊ (ಕಮಾಂಡನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಪದ) ಹಾಕುತ್ತಾರೆ. ಅಷ್ಟರಲ್ಲಿ ಫ್ಲೋರಿನಲ್ಲಿ ಮಾತು ಹಬ್ಬಿಯಾಗಿತ್ತು: ‘ಸೂಡೊ ಹಾಕಿದ್ರೆ ಮೀಟರ್ ಸರಿಹೋಗುತ್ತೆ.’

ಕೊನೆಗೆ ಸಿಕ್ಕ ಕಾರಣ ಇದು. ನಾನು ಟೂಲನ್ನು ಸೂಡೊ ಹಾಕಿ ಇಡೀ ಮೆಷಿನಿಗೆ ಇನ್‌ಸ್ಟಾಲ್ ಮಾಡಿದ್ದೆ, ಜೊತೆಗೆ ನಂಪೈ 1.26.4. ನಂಪೈ ಅಂದರೆ ಪೈಥಾನಿನಲ್ಲಿ ಲೆಕ್ಕ ಮಾಡಲು ಬೇರೆಯವರು ಬರೆದಿಟ್ಟ ರೆಡಿ ಕೋಡ್, ಅಂಥದ್ದಕ್ಕೇ ಪ್ಯಾಕೇಜ್ ಅನ್ನೋದು. ಯಾರೋ ಇನ್ನೊಂದು ವಿಭಾಗದ ಸ್ಕ್ರಿಪ್ಟಿಗಾಗಿ ಒಂದು ರಿಕ್ವೈರ್‌ಮೆಂಟ್ಸ್ ಫೈಲ್ (ಬೇಕಾದ ಪ್ಯಾಕೇಜುಗಳ ಪಟ್ಟಿ) ತಂದು, ಸೂಡೊ ಇಲ್ಲದೆ ಪಿಪ್ (ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಟೂಲ್) ಓಡಿಸಿದ್ದಾರೆ. ಅದರಲ್ಲಿ ನಂಪೈ 2 ಅಥವಾ ಅದಕ್ಕಿಂತ ಮೇಲಿನದು ಬೇಕು ಅಂತಿತ್ತು. ಪಿಪ್ ಅದನ್ನು ಆ ಯೂಸರಿನ ಸ್ವಂತ ಫೋಲ್ಡರಿಗೆ ಹಾಕಿದೆ. ಪೈಥಾನ್ ಹುಡುಕುವಾಗ ಯೂಸರ್ ಫೋಲ್ಡರ್ ಮೊದಲು, ಮೆಷಿನಿನದು ಆಮೇಲೆ. ಹಾಗಾಗಿ ಸಾದಾ ಓಡಿಸಿದರೆ ನಂಪೈ 2.2.6, ಸೂಡೊ ಹಾಕಿದರೆ 1.26.4. ಹಳೇ ನಂಪೈನಲ್ಲಿ 32 ಬಿಟ್ ಸಂಖ್ಯೆಗೆ ಪೈಥಾನಿನ ಸಾದಾ 1.0 ಕೂಡಿಸಿದರೆ ಉತ್ತರ 64 ಬಿಟ್‌ಗೆ ಏರುತ್ತಿತ್ತು. 2024ರ ಜೂನ್‌ನಲ್ಲಿ ಬಂದ ನಂಪೈ 2ರಿಂದ ಅದು 32ರಲ್ಲೇ ಉಳಿಯುತ್ತದೆ. ಅವರು ಇದನ್ನು ಬಚ್ಚಿಟ್ಟಿಲ್ಲ, ಬದಲಾವಣೆಗಳ ಪಟ್ಟಿಯಲ್ಲಿ ಸರಿಯಾಗೇ ಬರೆದಿದ್ದಾರೆ.

ಈಗ ನನ್ನ ಹೊಟ್ಟೆ ಉರಿಯುವ ಭಾಗ. ನಂಪೈ 2ರಲ್ಲಿ ನಾನು ಟೆಸ್ಟ್ ಮಾಡಿರಲಿಲ್ಲ ಅಂತಲೇ ‘ಅಳತೆ’ಯ ಮೆಟಾಡೇಟಾದಲ್ಲಿ (ಟೂಲಿಗೆ ಏನೇನು ಬೇಕು ಅಂತ ಬರೆದಿಡುವ ವಿವರದಲ್ಲಿ) ‘ನಂಪೈ, 2ಕ್ಕಿಂತ ಕಡಿಮೆ’ ಅಂತ ಬರೆದಿದ್ದೆ. ಪಿಪ್ ಅದನ್ನು ಓದಿದೆ. ಕೆಂಪಕ್ಷರದಲ್ಲಿ ‘ಅಳತೆಗೆ ಇದು ಹೊಂದಲ್ಲ’ ಅಂತ ಹೇಳಿಯೂ ಇದೆ. ಹೇಳಿ, ಇನ್‌ಸ್ಟಾಲ್ ಮಾಡಿಯೂ ಬಿಟ್ಟಿದೆ. ಮಾಡಿದ ಹುಡುಗನನ್ನು ಕೇಳಿದೆ, ಕೆಂಪಗೆ ಏನೋ ಬಂದಿರಬೇಕಲ್ಲಪ್ಪಾ ಅಂತ. ‘ಬಂತು ಮೇಡಂ. ಆದ್ರೆ ಕೊನೇ ಸಾಲಲ್ಲಿ ಸಕ್ಸಸ್‌ಫುಲಿ ಇನ್‌ಸ್ಟಾಲ್ಡ್ ಅಂತ ಬಂತಲ್ಲ!’ ಅವನನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ. ಎಚ್ಚರಿಕೆ ಬಂದಿದ್ದು ಮಧ್ಯಾಹ್ನ ನಾಲ್ಕಕ್ಕೆ, ನನ್ನ ಟೂಲಿನ ಹೆಸರೂ ಗೊತ್ತಿಲ್ಲದವನಿಗೆ. ಏಟು ಬಿದ್ದಿದ್ದು ಬೆಳಿಗ್ಗೆ ಆರಕ್ಕೆ, ಪಿಪ್ ಅಂದರೇನು ಅಂತ ಗೊತ್ತಿಲ್ಲದವನಿಗೆ.

ಅದಕ್ಕೇ ಈ ಪ್ರಶ್ನೆ. ಟೂಲ್ ಶುರುವಾಗುವಾಗ ತನಗೆ ಬೇಕಾದ ಪ್ಯಾಕೇಜುಗಳು ಬೇಕಾದ ವರ್ಷನ್‌ನಲ್ಲೇ ಇವೆಯಾ ಅಂತ ಅದೇ ನೋಡಿಕೊಳ್ಳಬೇಕು. ಒಂದು ಸಲ ಪ್ರಯತ್ನ ಮಾಡಿದೆ: ಶುರುವಿನಲ್ಲೇ ‘ಪಿಪ್ ಚೆಕ್’ ಓಡಿಸಿದೆ. ಎರಡು ತೊಂದರೆ. ಪ್ರತಿ ಸಲವೂ ಒಂದು ಕ್ಷಣ ತಡೆದು ನಿಲ್ಲುತ್ತೆ. ಜೊತೆಗೆ ಮೆಷಿನಿನಲ್ಲಿರುವ ಊರಿನ ಎಲ್ಲಾ ಪ್ಯಾಕೇಜುಗಳ ಜಗಳವನ್ನೂ ತಂದು ಸುರಿಯುತ್ತೆ, ನಮಗೆ ಸಂಬಂಧವೇ ಇಲ್ಲದ್ದು. ಎರಡನೇ ದಿನಕ್ಕೇ ಯಾರೂ ಅದನ್ನು ಓದುತ್ತಿರಲಿಲ್ಲ.

ಸರಿಯಾದ ದಾರಿ ಯಾವುದು?

ಬಸವೇಶ್ವರ_ಟೈಪ್_ಸಿ:

ಎಣಿಸೋ ಜಾಗದಲ್ಲಿ ಫ್ಲೋಟ್64 ಹಾಕಿ, ಇಲ್ಲಾ ಸಾದಾ ಇಂಟಿಜರ್ (ಪೂರ್ಣಾಂಕ) ಮಾಡಿ. ಪಲ್ಸ್ ಎಣಿಸೋಕೆ ಫ್ಲೋಟ್ ಯಾಕೆ ಬೇಕಿತ್ತು ಸ್ವಾಮಿ?

ಪೀಣ್ಯ_ಪಾಳಿ:

ಹೌದು, ತಪ್ಪು ನನ್ನದೇ. ಹಳೇ ಒಟ್ಟು ಮೊತ್ತವನ್ನು 32 ಬಿಟ್‌ನಲ್ಲಿ ಉಳಿಸಿ, ಮತ್ತೆ ಓದಿ, ಅದರ ಮೇಲೆ ಕೂಡಿಸುತ್ತಿದ್ದೆ. ಅವತ್ತೇ ಇಂಟಿಜರ್ ಮಾಡಿದೆ, ಐದು ನಿಮಿಷದ ಕೆಲಸ. ಆದರೆ ಇಂಥದ್ದು ಇನ್ನೆಲ್ಲಿ ಕೂತಿದೆಯೋ. ಟೆಸ್ಟ್ ಮಾಡದ ವರ್ಷನ್ ಮೇಲೆ ಓಡಲೇಬಾರದು ಅನ್ನೋದು ನನ್ನ ಹಟ.

ಟರ್ಮಿನಲ್_ತಾತ:

ಒಳ್ಳೇ ಪತ್ತೇದಾರಿ ಕೆಲಸ ಮಾಡಿದ್ದೀರಮ್ಮಾ. 16777216 ನೋಡಿದ ತಕ್ಷಣ ಗುರುತು ಹಿಡಿಯುವವರು ಈಗ ಕಡಿಮೆ.

ನೀವು ಕೇಳುತ್ತಿರುವುದು ಹೊಸದಲ್ಲ. ಒಂದು ಕಾಲದಲ್ಲಿ ಪೈಥಾನ್ ಟೂಲುಗಳೆಲ್ಲ ಇದನ್ನು ತಾವಾಗೇ ಮಾಡುತ್ತಿದ್ದವು. ಪ್ಯಾಕೇಜ್ ಕಟ್ಟಿಕೊಡುವ ಸೆಟಪ್‌ಟೂಲ್ಸ್ ಬರೆದುಕೊಡುತ್ತಿದ್ದ ಸ್ಕ್ರಿಪ್ಟನ್ನು ತೆರೆದರೆ ಮೊದಲ ಸಾಲುಗಳಲ್ಲೇ ಟೂಲಿನ ಹೆಸರು, ವರ್ಷನ್ ಇರುತ್ತಿತ್ತು. ಓಡಿಸಿದ ಕೂಡಲೇ ಪಿಕೆಜಿ ರಿಸೋರ್ಸಸ್ ಅನ್ನುವ ಮಾಡ್ಯೂಲ್ ಎದ್ದು, ಬೇಕಾದ ಎಲ್ಲ ಪ್ಯಾಕೇಜುಗಳ ವರ್ಷನ್ ತಾಳೆ ನೋಡಿ, ಒಂದು ಹೊಂದದಿದ್ದರೂ ‘ವರ್ಷನ್ ಕಾನ್ಫ್ಲಿಕ್ಟ್’ ಅಂತ ಹೇಳಿ ಅಲ್ಲೇ ಕೂತುಬಿಡುತ್ತಿತ್ತು. ನಾವು ಅದನ್ನು ಬೈದಷ್ಟು ಇನ್ನು ಯಾವುದನ್ನೂ ಬೈದಿಲ್ಲ. ಯಾಕಂದರೆ ಅದು ಶುರುವಾಗುವ ಮುಂಚೆ ಮೆಷಿನಿನಲ್ಲಿ ಇರುವ ಎಲ್ಲ ಪ್ಯಾಕೇಜುಗಳನ್ನೂ ತಡಕುತ್ತಿತ್ತು. ಸುಮ್ನೆ ಹೆಲ್ಪ್ ನೋಡಬೇಕು ಅಂದರೂ ಕಾಯಬೇಕು. ಆಮೇಲೆ ವೀಲ್‌ಗಳು (ಇನ್‌ಸ್ಟಾಲ್‌ಗೆ ಸಿದ್ಧವಾಗಿ ಕಟ್ಟಿಟ್ಟ ಪ್ಯಾಕೇಜ್ ಫೈಲ್‌ಗಳು) ಬಂದವು. ವೀಲ್‌ನಿಂದ ಪಿಪ್ ಬರೆಯುವ ಸ್ಕ್ರಿಪ್ಟ್ ನೇರವಾಗಿ ನಿಮ್ಮ ಮೇನ್ ಫಂಕ್ಷನ್ ಕರೆಯುತ್ತದೆ, ಏನನ್ನೂ ತಾಳೆ ನೋಡುವುದಿಲ್ಲ. ವೇಗ ಬಂತು, ಕಾವಲು ಹೋಯಿತು. ಬಹಳ ಜನಕ್ಕೆ ಕಾವಲು ಹೋಗಿದ್ದೇ ಗೊತ್ತಾಗಲಿಲ್ಲ.

‘ಪಿಪ್ ಚೆಕ್’ 2016ರಲ್ಲಿ ಬಂತು, ಪಿಪ್ 9ರ ಜೊತೆ. ಅದು ಇಡೀ ಊರಿನ ಜನಗಣತಿ. ನಿಮಗೆ ಬೇಕಿರುವುದು ನಿಮ್ಮ ಮನೆಯವರ ಹಾಜರಿ ಅಷ್ಟೇ.

ಪೈಥಾನ್ 3.8ರಿಂದ ಇಂಪೋರ್ಟ್‌ಲಿಬ್ ಮೆಟಾಡೇಟಾ ಅನ್ನುವ ಮಾಡ್ಯೂಲ್ ಜೊತೆಗೇ ಬರುತ್ತದೆ. ‘ಅಳತೆ’ಗೆ ಏನೇನು ಬೇಕು ಅಂತ ಅದನ್ನೇ ಕೇಳಿ, ಪಟ್ಟಿ ಕೊಡುತ್ತದೆ. ಪಟ್ಟಿಯ ಒಂದೊಂದು ಸಾಲನ್ನೂ ವರ್ಷನ್ ಹೋಲಿಸುವ ‘ಪ್ಯಾಕೇಜಿಂಗ್’ ಲೈಬ್ರರಿಯ ರಿಕ್ವೈರ್‌ಮೆಂಟ್ ಆಗಿ ಬದಲಿಸಿ. ಆ ಪ್ಯಾಕೇಜಿನ ಈಗಿನ ವರ್ಷನ್ ಯಾವುದು ಅಂತ ಮತ್ತೆ ಇಂಪೋರ್ಟ್‌ಲಿಬ್ ಮೆಟಾಡೇಟಾವನ್ನೇ ಕೇಳಿ. ಮಿತಿಯೊಳಗೆ ಇದೆಯಾ ನೋಡಿ. ಆಮೇಲೆ ಆ ಪ್ಯಾಕೇಜಿಗೆ ಏನು ಬೇಕು ಅಂತ ಇಳಿಯಿರಿ. ನೋಡಿದ್ದನ್ನು ಒಂದು ಸೆಟ್‌ನಲ್ಲಿ ಗುರುತು ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಂದನ್ನೊಂದು ಕೇಳುವ ಪ್ಯಾಕೇಜುಗಳು ಸಿಕ್ಕಾಗ ಗಾಣದೆತ್ತಿನ ಹಾಗೆ ಸುತ್ತುತ್ತೀರಿ. ಗುರುತು ಇಡುವಾಗ ಹೆಸರನ್ನು ಒಂದೇ ರೂಪಕ್ಕೆ ತನ್ನಿ. ಹೈಫನ್, ಅಂಡರ್‌ಸ್ಕೋರ್, ಡಾಟ್ ಎಲ್ಲ ಪಿಪ್ ಕಣ್ಣಿಗೆ ಒಂದೇ.

ಮುಗ್ಗರಿಸುವ ಜಾಗ ಎರಡು. ಒಂದು, ಷರತ್ತು ಇರುವ ಸಾಲುಗಳು. ಕ್ಲಿಕ್ ಲೈಬ್ರರಿ ‘ವಿಂಡೋಸ್ ಆದರೆ ಮಾತ್ರ ಕಲರಾಮ ಪ್ಯಾಕೇಜ್ ಬೇಕು’ ಅಂತ ಬರೆದಿರುತ್ತದೆ. ಷರತ್ತು ನೋಡದೆ ತಾಳೆ ಹಾಕಿದರೆ ಉಬುಂಟುವಿನಲ್ಲಿ ‘ಕಲರಾಮ ಇಲ್ಲ’ ಅಂತ ಕೂಗಾಡುತ್ತೀರಿ. ‘ಟೆಸ್ಟ್ ಮಾಡುವವರಿಗೆ ಮಾತ್ರ’ ಅನ್ನುವ ಎಕ್ಸ್‌ಟ್ರಾಗಳೂ ಹೀಗೇ. ಎರಡು, ಬೀಟಾ, ಆರ್‌ಸಿ ವರ್ಷನ್‌ಗಳು, ಅಂದರೆ ಅಧಿಕೃತ ಬಿಡುಗಡೆಗೆ ಮುಂಚಿನವು. ಪ್ಯಾಕೇಜಿಂಗ್ ಲೈಬ್ರರಿಯ ಹಳೇ ವರ್ಷನ್‌ಗಳು ಸಾಮಾನ್ಯವಾಗಿ ಅವುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹೊಂದಿದ್ದರೂ ಇಲ್ಲ ಅನ್ನುತ್ತವೆ. ಅವನ್ನೂ ಸೇರಿಸಿಕೋ ಅಂತ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು. ತಾಳೆ ನೋಡುವ ಕೋಡೇ ಪ್ಯಾಕೇಜಿಂಗ್ ಲೈಬ್ರರಿಯನ್ನು ನಂಬಿದೆ, ಅಲ್ವಾ? ನಾಳೆ ಅದರ ವರ್ಷನ್ನೇ ಕೆಟ್ಟರೆ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅದರ ಒಂದು ನಕಲನ್ನು ನಿಮ್ಮ ಟೂಲಿನ ಒಳಗೇ ಇಟ್ಟುಕೊಳ್ಳಿ. ಪಿಪ್ ತನಗೆ ಬೇಕಾದ ಲೈಬ್ರರಿಗಳನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ತಿರುಗುವುದು ಇದೇ ಭಯಕ್ಕೆ.

ಜಯನಗರ_4ನೇ_ಬ್ಲಾಕ್:

ತಾತ ಹೇಳಿದ್ದೆಲ್ಲ ಸರಿ, ಆದರೆ ಇಷ್ಟೆಲ್ಲ ಯಾಕೆ? ಸೂಡೊ ಹಾಕಿ ಪಿಪ್ ಓಡಿಸಿದ್ದೇ ಮೊದಲ ತಪ್ಪು. ಒಂದು ವೆನ್ವ್ (ಉಳಿದದ್ದರಿಂದ ಪ್ರತ್ಯೇಕವಾದ ಪ್ಯಾಕೇಜ್ ಫೋಲ್ಡರ್) ಮಾಡಿ ಅದರೊಳಗೆ ‘ಅಳತೆ’ ಹಾಕಿದ್ದರೆ ಯೂಸರ್ ಫೋಲ್ಡರ್ ಅದಕ್ಕೆ ಕಾಣಿಸುತ್ತಲೇ ಇರಲಿಲ್ಲ. ಪಿಪ್‌ಎಕ್ಸ್ ಆದರೆ ಅದನ್ನೂ ತಾನೇ ಮಾಡಿಕೊಡುತ್ತೆ, ಒಂದು ಟೂಲಿಗೆ ಒಂದು ವೆನ್ವ್. ಉಬುಂಟು, ಡೆಬಿಯನ್‌ನವರು 2023ರಿಂದ ಮೆಷಿನಿನ ಪೈಥಾನಿಗೆ ನೇರವಾಗಿ ಪಿಪ್ ಹಾಕೋಕೇ ಬಿಡ್ತಿಲ್ಲ. ನಿಮ್ಮ 22.04 ಹಳೇದು, ಅದಕ್ಕೇ ಬಿಟ್ಟಿದೆ. ಜಗಳ ಆಗದ ಹಾಗೆ ಮನೆ ಬೇರೆ ಮಾಡಿ. ಬಾಗಿಲಲ್ಲಿ ವಾಚ್‌ಮನ್ ಯಾಕೆ?

ಪೀಣ್ಯ_ಪಾಳಿ:

ಮನೆ ಬೇರೆ ಮಾಡಬೇಕು ಅನ್ನೋದು ಒಪ್ಪಿದೆ. ಒಂದೇ ತೊಡಕು: ಫ್ಲೋರಿನ ಕಂಪ್ಯೂಟರುಗಳಿಗೆ ಇಂಟರ್ನೆಟ್ ಇಲ್ಲ. ಎಲ್ಲ ಪೆನ್‌ಡ್ರೈವ್‌ನಲ್ಲೇ ಹೋಗೋದು. ಆ ರಿಕ್ವೈರ್‌ಮೆಂಟ್ಸ್ ಫೈಲ್ ಬಂದಿದ್ದೂ ವೀಲ್‌ಗಳ ಸಮೇತ ಪೆನ್‌ಡ್ರೈವ್‌ನಲ್ಲೇ.

ಜಯನಗರ_4ನೇ_ಬ್ಲಾಕ್:

ಅದಕ್ಕೇನಂತೆ. ಇಂಟರ್ನೆಟ್ ಇರುವ ಒಂದು 22.04 ಮೆಷಿನಿನಲ್ಲಿ ‘ಪಿಪ್ ಡೌನ್‌ಲೋಡ್’ ಮಾಡಿ. ವೀಲ್‌ಗಳೆಲ್ಲ ಒಂದು ಫೋಲ್ಡರಿಗೆ ಬರುತ್ತವೆ. ಫ್ಲೋರಿನಲ್ಲಿ ವೆನ್ವ್ ಮಾಡಿ, ‘ಹೊರಗೆ ಹುಡುಕಬೇಡ, ಈ ಫೋಲ್ಡರಿನಿಂದಲೇ ತಗೋ’ ಅಂತ ಪಿಪ್‌ಗೆ ಹೇಳಿ. ಅದಕ್ಕೆ ನೋ ಇಂಡೆಕ್ಸ್, ಫೈಂಡ್ ಲಿಂಕ್ಸ್ ಅಂತ ಎರಡು ಆಪ್ಷನ್ ಇವೆ. ಪೈಥಾನ್ ವರ್ಷನ್ ಎರಡೂ ಕಡೆ ಒಂದೇ ಇರಲಿ, ಇಲ್ಲಾಂದ್ರೆ ನಂಪೈ ವೀಲ್ ಕೂರಲ್ಲ. ಆಮೇಲೆ ವೆನ್ವ್ ಒಳಗಿನ ‘ಅಳತೆ’ಗೆ ಮೆಷಿನಿನ ಬಿನ್ ಫೋಲ್ಡರಿನಿಂದ ಒಂದು ಲಿಂಕ್ ಕೊಡಿ. ಹುಡುಗರಿಗೆ ವೆನ್ವ್ ಇದೆ ಅಂತಲೂ ಗೊತ್ತಾಗಲ್ಲ. ಅವರು ಎಂದಿನಂತೆ ‘ಅಳತೆ’ ಅಂತ ಟೈಪ್ ಮಾಡ್ತಾರೆ.

ಲಾಗ್_ಓದುವವಳು:

ರಿಲೀಸ್ ಕೆಲಸದಲ್ಲಿ ಕೈ ಸುಟ್ಟುಕೊಂಡವಳಾಗಿ ಎರಡು ಮಾತು.

ಮೊದಲನೆಯದು 4ನೇ ಬ್ಲಾಕಿನವರಿಗೆ. ವೆನ್ವ್ ಯೂಸರ್ ಫೋಲ್ಡರನ್ನು ತಡೆಯುತ್ತೆ, ಪೈಥಾನ್‌ಪಾತ್ (ಪೈಥಾನ್ ಮೊದಲು ಹುಡುಕಬೇಕಾದ ಫೋಲ್ಡರುಗಳ ಪಟ್ಟಿ) ಅನ್ನು ತಡೆಯಲ್ಲ. ಯಾರಾದರೂ ಬ್ಯಾಶ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗಲೆಲ್ಲ ಓಡುವ ಫೈಲಿನಲ್ಲಿ) ಪೈಥಾನ್‌ಪಾತ್ ಅಂತ ಒಂದು ಸಾಲು ಸೇರಿಸಿದ್ದರೆ ಅದು ಎಲ್ಲ ವೆನ್ವ್‌ಗಳ ಬಾಗಿಲನ್ನೂ ದಾಟಿ ಒಳಗೆ ಬಂದು, ಮೊದಲ ಸಾಲಿನಲ್ಲೇ ಕೂರುತ್ತೆ. ಹಾಗಾಗಿ ವಾಚ್‌ಮನ್ ಇರಲಿ ಸಾರ್.

ಎರಡನೆಯದು ಪೀಣ್ಯ ಮೇಡಂಗೆ. ಈ ತಾಳೆ ನೋಡುವುದು ಹಿಡಿಯುವುದು ಬರೆದಿಟ್ಟ ಜಗಳವನ್ನು ಮಾತ್ರ. 2022ರ ಫೆಬ್ರವರಿಯಲ್ಲಿ ಮಾರ್ಕಪ್‌ಸೇಫ್ ಅನ್ನೋ ಪ್ಯಾಕೇಜಿನ 2.1 ಬಂದಾಗ ಏನಾಯ್ತು ನೆನಪಿದೆಯಾ? ಸಾಫ್ಟ್ ಯೂನಿಕೋಡ್ ಅನ್ನೋ ಒಂದು ಫಂಕ್ಷನ್ ತೆಗೆದರು. ಜಿಂಜಾ ಪ್ಯಾಕೇಜಿನ ಹಳೇ 2ನೇ ವರ್ಷನ್ ಅದನ್ನೇ ನಂಬಿತ್ತು. ಆದರೆ ಜಿಂಜಾ 2ರ ಮೆಟಾಡೇಟಾದಲ್ಲಿ ‘ಮಾರ್ಕಪ್‌ಸೇಫ್ 0.23 ಅಥವಾ ಮೇಲಿನದು’ ಅಂತಷ್ಟೇ ಇತ್ತು, ಮೇಲಿನ ಮಿತಿ ಇರಲಿಲ್ಲ. ಪಿಪ್ ಚೆಕ್ ಓಡಿಸಿದರೆ ಎಲ್ಲ ಸರಿಯಿದೆ ಅನ್ನುತ್ತಿತ್ತು. ಟೂಲ್ ಓಡಿಸಿದರೆ ಮೊದಲ ಇಂಪೋರ್ಟ್‌ಗೇ ಬೀಳುತ್ತಿತ್ತು. ಅವತ್ತು ರಾತ್ರಿ ಎರಡು ಗಂಟೆಗೆ ಮಾರತ್ತಹಳ್ಳಿಯ ಪಿಜಿಯಲ್ಲಿ, ಕರೆಂಟು ಹೋಗಿ, ಫೋನಿನ ಹಾಟ್‌ಸ್ಪಾಟಿನಲ್ಲಿ ಕೂತು ನಾನು ಬಿಲ್ಡ್ ಸರಿಮಾಡಿದ್ದೇನೆ. ಇದರ ಉಲ್ಟಾನೂ ಇದೆ. ಕೆಲವರು ಸುಮ್ನೆ ಭಯಕ್ಕೆ ಮೇಲಿನ ಮಿತಿ ಹಾಕಿರುತ್ತಾರೆ, ಹೊಸ ವರ್ಷನ್ ಚೆನ್ನಾಗೇ ಓಡುತ್ತಿರುತ್ತೆ. ಅಲ್ಲಿ ಟೂಲ್ ನಿಲ್ಲಿಸಿದರೆ ನಿಮ್ಮ ಹುಡುಗರು ನಿಮ್ಮನ್ನೇ ಬೈತಾರೆ.

ಆಮೇಲೆ, ಎಚ್ಚರಿಕೆ ಕೊಟ್ಟು ಮುಂದೆ ಹೋಗೋದಾ, ನಿಲ್ಲಿಸೋದಾ? ರಿಕ್ವೆಸ್ಟ್ಸ್ ಲೈಬ್ರರಿ ನೋಡಿ. ಅದು ಇಂಪೋರ್ಟ್ ಆಗುವಾಗಲೇ ತಾನು ಬಳಸುವ ಯುಆರ್‌ಎಲ್‌ಲಿಬ್3 ಪ್ಯಾಕೇಜಿನ ವರ್ಷನ್ ನೋಡುತ್ತೆ, ಹೊಂದದಿದ್ದರೆ ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತೆ. 2023ರ ಏಪ್ರಿಲ್‌ನಲ್ಲಿ ಯುಆರ್‌ಎಲ್‌ಲಿಬ್3 ಎರಡನೇ ವರ್ಷನ್ ಬಂದಾಗ ಆ ವಾರ್ನಿಂಗ್ ನಾನು ನೋಡಿದ ಎಲ್ಲ ಲಾಗ್‌ಗಳಲ್ಲೂ ಇತ್ತು. ಯಾರು ಏನು ಮಾಡಿದರು? ಲಾಗ್‌ನಿಂದ ಆ ಸಾಲನ್ನು ಸೋಸಿ ತೆಗೆಯುವ ಫಿಲ್ಟರ್ ಬರೆದರು. ನಾನೂ ಬರೆದೆ, ಸುಳ್ಳು ಯಾಕೆ ಹೇಳಲಿ. ಲೆಕ್ಕ ತಪ್ಪಿದರೆ ಇನ್ನೊಬ್ಬರ ಬಿಲ್ ತಪ್ಪುತ್ತೆ ಅನ್ನೋ ಟೂಲಿನಲ್ಲಿ ವಾರ್ನಿಂಗ್ ಬೇಡ. ನಿಲ್ಲಿಸಿ.

ಒಂದು ಸಲಹೆ, ಒಂದು ಪ್ರಶ್ನೆ. ಪ್ರತಿ ವರದಿಯ ತಲೆಯಲ್ಲೇ ಯಾವ ನಂಪೈ, ಎಲ್ಲಿಂದ ಬಂತು ಅಂತ ಅಚ್ಚು ಹಾಕಿ. ಪ್ರಶ್ನೆ: ಆ ಮಧ್ಯೆ ಹೊರಗೆ ಹೋದ ವರದಿಗಳ ಕಥೆ ಏನು?

ಪೀಣ್ಯ_ಪಾಳಿ:

ಅದೇ ಪ್ರಶ್ನೆ ನನ್ನ ಮ್ಯಾನೇಜರೂ ಕೇಳಿದರು, ಇಷ್ಟು ಮೃದುವಾಗಿ ಅಲ್ಲ. ಲಾಗ್ ಫೈಲ್‌ಗಳೆಲ್ಲ ಇದ್ದವು. ಒಂದೊಂದನ್ನೂ ಹಳೇ ನಂಪೈನಲ್ಲಿ ಮತ್ತೆ ಓಡಿಸಿ ಹೋಲಿಸಿದೆ. ಎರಡು ದಿನ ಹಿಡಿಯಿತು. ಐದು ದಿನದ ಆ ಒಂದು ಟೆಸ್ಟ್ ಬಿಟ್ಟರೆ ಬೇರೆ ಯಾವುದೂ 5242.88ರ ಹತ್ತಿರ ಹೋಗಿರಲಿಲ್ಲ. ಅದೂ ಹೊರಗೆ ಹೋಗಿರಲಿಲ್ಲ. ಬಚಾವು.

ಪೀಣ್ಯ_ಪಾಳಿ (ಮೂರು ವಾರದ ಮೇಲೆ):

ಮಾಡಿದ್ದು ಹೇಳಿಬಿಡುತ್ತೇನೆ, ಇದೇ ಪ್ರಶ್ನೆ ಹುಡುಕಿಕೊಂಡು ಬರುವವರಿಗೆ ಸಿಗಲಿ.

4ನೇ ಬ್ಲಾಕಿನವರು ಹೇಳಿದ ಹಾಗೆ ವೆನ್ವ್, ಪೆನ್‌ಡ್ರೈವ್‌ನಿಂದ. ಅದರ ಮೇಲೆ ತಾತ ಹೇಳಿದ ಹಾಜರಿ. ನಮ್ಮ ಮರದಲ್ಲಿ ಇರುವುದು ಬರೀ ಏಳು ಪ್ಯಾಕೇಜು. ಏಳು ಸಣ್ಣ ಮೆಟಾಡೇಟಾ ಫೈಲ್ ಓದೋಕೆ ಹಿಡಿಯುವ ಹೊತ್ತು ಕೈಗೆ ಗೊತ್ತೇ ಆಗಲ್ಲ. ನಂಪೈ ಇಂಪೋರ್ಟ್ ಆಗೋಕೇ ಅದಕ್ಕಿಂತ ಜಾಸ್ತಿ ಹಿಡಿಯುತ್ತೆ. ನೋಡಿದ ಫಲಿತಾಂಶವನ್ನು ಉಳಿಸಿಟ್ಟುಕೊಂಡು, ಪ್ಯಾಕೇಜ್ ಫೋಲ್ಡರ್ ಬದಲಾದಾಗ ಮಾತ್ರ ಮತ್ತೆ ನೋಡುವ ಹಾಗೆ ಮಾಡೋಣ ಅಂತ ಒಂದು ಸಂಜೆ ಕೂತು ಬರೆದೆ. ಮಾರನೇ ದಿನ ಅಳಿಸಿದೆ. ಏಳು ಫೈಲಿಗೆ ಅದೆಲ್ಲ ಯಾಕೆ.

ನಾನು ಮುಗ್ಗರಿಸಿದ ಜಾಗ ಬೇರೆಯೇ ಇತ್ತು. ತಾಳೆ ನೋಡುವ ಕೋಡನ್ನು ಮೇನ್ ಫಂಕ್ಷನ್‌ನ ಮೊದಲ ಸಾಲಿನಲ್ಲಿ ಇಟ್ಟಿದ್ದೆ. ಆದರೆ ಆ ಫೈಲಿನ ತಲೆಯಲ್ಲೇ ‘ಇಂಪೋರ್ಟ್ ನಂಪೈ’ ಇದೆಯಲ್ಲ! ಫೈಲ್ ತೆರೆದ ತಕ್ಷಣ ನಂಪೈ ಒಳಗೆ ಬಂದಾಯಿತು, ಆಮೇಲೆ ವಾಚ್‌ಮನ್ ಎದ್ದು ‘ಯಾರು ನೀವು?’ ಅನ್ನುತ್ತಾನೆ. ಪೂರ್ತಿ ಮುರಿದ ನಂಪೈ ಇಟ್ಟು ಟೆಸ್ಟ್ ಮಾಡಿದಾಗ ಗೊತ್ತಾಯಿತು: ನನ್ನ ಸಂದೇಶ ಬರುವ ಬದಲು ಎಂದಿನ ಉದ್ದನೆಯ ಟ್ರೇಸ್‌ಬ್ಯಾಕ್ (ಪೈಥಾನಿನ ದೋಷದ ಸಾಲುಗಳು) ಬಂತು. ಈಗ ‘ಬಾಗಿಲು’ ಅಂತ ಒಂದು ಪುಟಾಣಿ ಫೈಲ್ ಇದೆ. ಅದು ಪೈಥಾನಿನ ಜೊತೆ ಬರುವುದನ್ನು, ಒಳಗೇ ಇಟ್ಟುಕೊಂಡ ಪ್ಯಾಕೇಜಿಂಗ್ ನಕಲನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಹಾಜರಿ ಸರಿಯಿದ್ದರೆ ಮಾತ್ರ ಉಳಿದ ಕೋಡನ್ನು ಇಂಪೋರ್ಟ್ ಮಾಡುತ್ತದೆ. ಹೆಲ್ಪ್ ಕೇಳಿದರೆ ಹಾಜರಿ ಇಲ್ಲ, ನೇರ ಹೆಲ್ಪ್.

ಸಂದೇಶ ಬರೆಯೋಕೇ ನನಗೆ ಜಾಸ್ತಿ ಹೊತ್ತು ಹಿಡಿದಿದ್ದು. ಮೊದಲು ಇಂಗ್ಲಿಷಿನಲ್ಲಿ ಬರೆದೆ. ಬೆಳಗಿನ ಪಾಳಿಯವನಿಗೆ ತೋರಿಸಿದೆ. ಓದಿ, ‘ಎಂಟರ್ ಒತ್ತಬೇಕಾ ಮೇಡಂ?’ ಅಂದ. ಹರಿದು ಹಾಕಿ ಕನ್ನಡದಲ್ಲಿ ಬರೆದೆ. ಈಗ ಹೀಗೆ ಬರುತ್ತೆ:

ಅಳತೆ ನಿಂತಿದೆ. ವರದಿ ಬರೆದಿಲ್ಲ. ಲಾಗ್ ಸುರಕ್ಷಿತವಾಗಿದೆ.
ನಂಪೈ ಬೇಕಿದ್ದು: 2ಕ್ಕಿಂತ ಕಡಿಮೆ. ಸಿಕ್ಕಿದ್ದು: 2.2.6.
ಸಿಕ್ಕ ಜಾಗ: ಇಲ್ಲಿ ಫೋಲ್ಡರಿನ ಪೂರ್ತಿ ದಾರಿ.
ಪಿಪ್ ಓಡಿಸಬೇಡಿ. ಸೂಡೊ ಹಾಕಬೇಡಿ. ಈ ಪರದೆಯ ಫೋಟೊ ಕಳಿಸಿ.

ಬೆಂಚಿನ ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಸ್ವಲ್ಪ ಚೆಲ್ಲಾಪಿಲ್ಲಿ ಆಗುತ್ತವೆ. ‘ರಕ್ಷಿತ’ ನೋಡೋಕೆ ವಿಕಾರವಾಗಿದೆ. ಆದರೂ ಓದಬಹುದು. ‘ಲಾಗ್ ಸುರಕ್ಷಿತವಾಗಿದೆ’ ಅನ್ನೋದು ಅವನೇ ಸೇರಿಸು ಅಂದಿದ್ದು. ಐದು ದಿನದ ಟೆಸ್ಟ್ ಹಾಳಾಯಿತಾ ಅನ್ನೋದೇ ಅವರ ಮೊದಲ ಭಯ ಅಂತೆ, ನನಗೆ ಅದು ಹೊಳೆದೇ ಇರಲಿಲ್ಲ. ಇನ್ನು ಟೂಲ್ ನಿಂತಾಗ ಸೊನ್ನೆಯಲ್ಲದ ಎಕ್ಸಿಟ್ ಕೋಡ್ (‘ಸರಿಯಾಗಲಿಲ್ಲ’ ಅನ್ನುವ ಸೂಚನೆ) ಕೊಟ್ಟು ಹೊರಬರುತ್ತದೆ, ಇಲ್ಲದಿದ್ದರೆ ರಾತ್ರಿ ತಾನಾಗೇ ಓಡುವ ಸ್ಕ್ರಿಪ್ಟ್ ಎಲ್ಲ ಸರಿ ಅಂದುಕೊಂಡು ಮುಂದೆ ಹೋಗುತ್ತಿತ್ತು.

ಲಾಗ್ ಓದುವವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಹೊಸದನ್ನು ಹನ್ನೊಂದೂ ಬೆಂಚಿಗೆ ಹಾಕಿ ನಾಲ್ಕನೇ ದಿನ, ಬೆಳಿಗ್ಗೆ ಆರೂ ಹತ್ತು, ನಾನಿನ್ನೂ ಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಏಳನೇ ಬೆಂಚಿನ ಫೋಟೊ ಬಂತು. ವೆನ್ವ್ ಒಳಗೆ ನಂಪೈ 2.2.6! ಇದು ಹೇಗೆ ಸಾಧ್ಯ ಅಂತ ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಅವನೇ ಫೋನ್ ಮಾಡಿದ.

‘ಮೇಡಂ, ಮೂರನೇ ಸಾಲಲ್ಲಿ ಬಂದಿರೋ ಫೋಲ್ಡರ್ ನಮ್ಮದಲ್ಲ. ಅದು ಎರಡನೇ ಮಹಡಿಯವರದು. ಹೋದ ವಾರ ಅವರ ಗ್ರಾಫ್ ಹಾಕೋಕೆ ಬಂದಿದ್ರಲ್ಲ, ಬ್ಯಾಶ್‌ಆರ್‌ಸಿಯಲ್ಲಿ ಏನೋ ಒಂದು ಸಾಲು ಬರೆದು ಹೋಗಿದ್ರು. ತೆಗೀಲಾ?’